ನಿಮಗಿದು ಗೊತ್ತೆ? ಎಐ ಚಿತ್ರದ ಚಿನ್ನದ ಗಣಿಯಲ್ಲಿ ಕೆಜಿಎಫ್ ಎಲ್ಲಿದೆ?

● ಎಐ ಚಿತ್ರ ಬಿಡಿಸಲು ಕಲಿಯುವುದು ಅಂತರ್ಜಾಲದ ಚಿತ್ರಗಳು ಮತ್ತು ಅವುಗಳ ಅಡಿಬರಹಗಳಿಂದ. 2022ರಲ್ಲಿ ಬಂದ ‘ಲಯಾನ್-5ಬಿ’ ಸಂಗ್ರಹದಲ್ಲಿ ಇಂಥ 585 ಕೋಟಿ ಜೋಡಿಗಳಿದ್ದವು. ಅವುಗಳಲ್ಲಿ 230 ಕೋಟಿಗೂ ಹೆಚ್ಚು ಅಡಿಬರಹಗಳು ಇಂಗ್ಲಿಷ್ ಒಂದೇ ಭಾಷೆಯವು.

● ಹೀಗಾಗಿ ‘ಚಿನ್ನದ ಗಣಿ ಕಾರ್ಮಿಕ’ ಎಂದಷ್ಟೇ ಕೇಳಿದರೆ, 1849ರ ಕ್ಯಾಲಿಫೋರ್ನಿಯಾದ ಹೊಳೆಯಲ್ಲಿ ಬೋಗುಣಿ ಹಿಡಿದು ಚಿನ್ನ ಜಾಲಿಸುವ ಗಡ್ಡದ ಬಿಳಿಯನತ್ತ ಚಿತ್ರ ವಾಲುವ ಸಾಧ್ಯತೆ ಹೆಚ್ಚು.

● ನಮ್ಮ ಕೆಜಿಎಫ್ (ಕೋಲಾರ ಚಿನ್ನದ ಗಣಿ) ಕತೆಯೇ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಇಲ್ಲಿಗೆ ಬಂತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಇಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಹೆಚ್ಚು. ಆ ಕತ್ತಲೆ, ಆ ಕಾವಿನಲ್ಲಿ ಬಂಡೆ ಒಡೆದವರಲ್ಲಿ ಬಹುಪಾಲು ಜನ ತಮಿಳು ಮಾತಾಡುವ ದಲಿತ ಕಾರ್ಮಿಕರು.

● ಪರಿಹಾರ ನಮ್ಮ ಕೈಯಲ್ಲೂ ಇದೆ. ಎಐಗೆ ಊರು, ಕಾಲ, ಜನರನ್ನು ಹೆಸರಿಸಿಯೇ ಕೇಳಿ. ಮಾರಿಕುಪ್ಪಂನಿಂದ ಬಂಗಾರಪೇಟೆವರೆಗೆ ಗಣಿ ಕುಟುಂಬಗಳ ಟ್ರಂಕುಗಳಲ್ಲಿರುವ ಹಳೆಯ ಫೋಟೊಗಳು ಕನ್ನಡ, ತಮಿಳು ಅಡಿಬರಹದೊಂದಿಗೆ ಸಾರ್ವಜನಿಕ ಸಂಗ್ರಹಕ್ಕೆ ಸೇರಲಿ. ಚಿನ್ನ ತೆಗೆದವರ ಮುಖ ಚಿತ್ರದಿಂದ ಅಳಿಯಬಾರದು.