‘ನರ ಸಿಕ್ತಾ, ಸಿಸ್ಟರ್?’

ಆಸ್ಪತ್ರೆಯಲ್ಲಿ ಮಲಗಿ ಎದ್ದವರಿಗೆಲ್ಲ ಗೊತ್ತಿರುವ ಮಾತು: ‘ನರ ಸಿಗ್ತಿಲ್ಲ, ಆ ಕೈ ಕೊಡಿ.’ ಪಠ್ಯಪುಸ್ತಕದ ಪ್ರಕಾರ ಅದು ನರವಲ್ಲ, ಅಭಿಧಮನಿ. ಚುಚ್ಚಿಸಿಕೊಳ್ಳುವ ಹೊತ್ತಿನಲ್ಲಿ ಅದನ್ನು ತಿದ್ದುವ ಉಮೇದು ಯಾರಿಗಿರುತ್ತದೆ?

ಕಲಿಯುವವರ ಮೊದಲ ತಪ್ಪುಗಳು ರೋಗಿಯ ಮೈಮೇಲೆ ಆಗದಿರಲೆಂದು 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಆಳೆತ್ತರದ ಬೊಂಬೆಯೊಂದು ಬಂತು. ಮಾಡಿಕೊಟ್ಟವರು ಮಕ್ಕಳ ಬೊಂಬೆ ತಯಾರಿಸುತ್ತಿದ್ದ ಮಾರ್ಥಾ ಚೇಸ್. ಬೊಂಬೆಗೂ ‘ಮಿಸೆಸ್ ಚೇಸ್’ ಎಂದೇ ಹೆಸರು ನಿಂತಿತು. ಈಗ ಅದರ ಪಕ್ಕಕ್ಕೆ ಕಣ್ಣಿಗೆ ಕಟ್ಟಿಕೊಳ್ಳುವ ಪೆಟ್ಟಿಗೆ ಬಂದಿದೆ: ವರ್ಚುವಲ್ ರಿಯಾಲಿಟಿ (ವಿ.ಆರ್.) ಹೆಡ್‌ಸೆಟ್.

ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ, ಕೋನ ಮಾತ್ರ ಕೊಂಚ ಬೇರೆ. ಎರಡನ್ನೂ ಬೆಸೆದು ಮಿದುಳೇ ಆಳ ಕಟ್ಟಿಕೊಳ್ಳುತ್ತದೆ. ಇದು ಸುಲಭದ ಭಾಗ. ತಲೆ ತಿರುಗಿಸಿದೊಡನೆ ಎದುರಿನ ವಾರ್ಡೂ ತಿರುಗಬೇಕಲ್ಲ? ಗೈರೋಸ್ಕೋಪು ತಿರುವನ್ನು ಅಳೆಯುತ್ತದೆ, ಪರದೆ ಸೆಕೆಂಡಿಗೆ 90ರಷ್ಟು ಸಲ ಹೊಸ ಚಿತ್ರ ಬರೆಯುತ್ತದೆ. ಸುಮಾರು 20 ಮಿಲಿಸೆಕೆಂಡಿಗಿಂತ ತಡವಾದರೆ ಕಣ್ಣು ಹೇಳುವುದೊಂದು, ಒಳಕಿವಿ ಹೇಳುವುದೊಂದು. ಆಗುಂಬೆ ಘಾಟಿಯ ಬಸ್ಸಿನಲ್ಲಿ ಹೊಟ್ಟೆ ತೊಳಸುವುದೂ ಇದೇ ಜಗಳದಿಂದ.

ಪೆಟ್ಟಿಗೆಯೊಳಗೆ ಮಂಚದ ಮೇಲೊಬ್ಬ ರೋಗಿ ಏದುಸಿರು ಬಿಡುತ್ತಿದ್ದಾನೆ. ಹೆಸರು ಕೇಳಿ ಖಾತ್ರಿ ಮಾಡಿಕೊಂಡಿರಾ? ಕೈ ತೊಳೆದಿರಾ? ಯಾವ ಔಷಧಿ ಆಗಿಬರುವುದಿಲ್ಲವೆಂದು ವಿಚಾರಿಸಿದಿರಾ? ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಪೆನಿಸಿಲಿನ್ ಆಗದವನಿಗೆ ಅದನ್ನೇ ಕೊಟ್ಟರೆ ಅವನ ಉಸಿರು ಕಟ್ಟುತ್ತದೆ. ಗುಂಡಿ ಒತ್ತಿದರೆ ಮತ್ತೆ ಮೊದಲಿನಂತೆ ಮಲಗಿರುತ್ತಾನೆ. ಯಾವುದಾದ ಮೇಲೆ ಯಾವುದು ಎಂಬುದನ್ನು ತಲೆಗೆ ಹತ್ತಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಸೂಜಿಯ ವಿಷಯಕ್ಕೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಕ್ಯಾನುಲಾ ಎಂಬ ಸಣ್ಣ ಕೊಳವೆಯನ್ನು ರಕ್ತನಾಳಕ್ಕೆ ಹಾಕುವಾಗ ಸೂಜಿಯನ್ನು ಚರ್ಮಕ್ಕೆ 15ರಿಂದ 30 ಡಿಗ್ರಿ ಓರೆಯಾಗಿ ಹಿಡಿಯಬೇಕು. ಮೊದಲು ಚರ್ಮ ತಡೆಯುತ್ತದೆ. ಒಳಗೆ ರಕ್ತನಾಳದ ಗೋಡೆ ಒಂದು ಗಳಿಗೆ ತಡೆದು, ಪುಟ್ಟದಾಗಿ ಬಿಟ್ಟುಕೊಡುತ್ತದೆ. ಸೂಜಿಯ ಹಿಂದಿನ ಪಾರದರ್ಶಕ ಗೂಡಿನಲ್ಲಿ ರಕ್ತ ಇಣುಕುತ್ತದೆ. ವಿ.ಆರ್.ನಲ್ಲಿ ರಕ್ತವೇನೋ ಕಾಣುತ್ತದೆ. ಕೈಗೆ ಸಿಗುವುದು ಹಿಡಿಕೆಯ ಗುಂಯ್‌ಗುಟ್ಟುವಿಕೆ, ಮೊಬೈಲಿನಂತೆ. ಎದುರು ಒತ್ತಡ ಕೊಡುವ ಯಾಂತ್ರಿಕ ತೋಳುಗಳಿವೆ, ದುಬಾರಿ. ಈ ಪಾಠಕ್ಕೆ ಕೆಂಪು ನೀರು ತುಂಬಿದ ರಬ್ಬರ್ ಕೈಯೇ ವಾಸಿ.

ಎಂಬತ್ತರ ಅಜ್ಜಿಯ ನರವೋ, ಸೂಜಿ ತಾಗಿದೊಡನೆ ಪಕ್ಕಕ್ಕೆ ಜಾರುತ್ತದೆ. ಪಳಗಿದ ಸಿಸ್ಟರ್ ಎಡಗೈ ಹೆಬ್ಬೆರಳಲ್ಲಿ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದು, ‘ಎಷ್ಟು ಜನ ಮೊಮ್ಮಕ್ಕಳು, ಅಜ್ಜಿ?’ ಅನ್ನುತ್ತಾರೆ. ಅಜ್ಜಿ ಎಣಿಸಿ ಮುಗಿಸುವಷ್ಟರಲ್ಲಿ ಪ್ಲಾಸ್ಟರ್ ಅಂಟಿಸಿ ಆಗಿರುತ್ತದೆ.