ಸಾಕ್ಷಿ ಹೇಳುವವರು, ಕೇಳಿಸಿಕೊಳ್ಳುವವರು

ಯಹೂದಿಗಳ ಮೇಲೆ ನಾಜಿಗಳು ನಡೆಸಿದ ಹಿಂಸೆಯ ಬಗ್ಗೆ ನಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತಿರುವುದು ಒಂದು ಹೆಸರು, ಒಂದು ಸಂಖ್ಯೆ. ಹೆಸರು ಹಿಟ್ಲರ್, ಸಂಖ್ಯೆ 60 ಲಕ್ಷ. ಪರೀಕ್ಷೆಗೆ ಇಷ್ಟು ಸಾಕು, ತಿಳಿವಳಿಕೆಗೆ ಸಾಲದು. ಆ ಹಿಂಸೆಯನ್ನು ಉಂಡವರೇ ಬರೆದಿಟ್ಟ ನಿಜಕಥನಗಳ ಮೂಲಕ ಅದನ್ನು ಓದಬೇಕು ಎಂಬುದು ನನ್ನ ವಾದ. ದಲಿತ ವಿಮರ್ಶೆಗೆ ಈ ಓದು ಯಾಕೆ ಬೇಕು ಎಂಬುದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಊರಿನದೇ ಒಂದು ಪ್ರಸಂಗ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಸಿ.ವಿ. ರಾಮನ್ ಕರೆದದ್ದರಿಂದ 1935ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ಅವರನ್ನು ಇಲ್ಲೇ ಉಳಿಸಿಕೊಳ್ಳುವ ಮಾತು ಬಂದಾಗ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಸಭೆಯಲ್ಲೇ ಎದ್ದು, ತನ್ನ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ತಕ್ಕವನಲ್ಲ ಎಂಬರ್ಥದಲ್ಲಿ ಮಾತಾಡಿದರಂತೆ. ಬಾರ್ನ್ ಇದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಮಾತಿನ ತರ್ಕ ನೋಡಿ. ಹೊರಗೆ ದಬ್ಬಿಸಿಕೊಂಡದ್ದೇ ಅಯೋಗ್ಯತೆಗೆ ಪುರಾವೆ! ಕೇರಿಯವರಿಗೆ ಇದು ಹೊಸದಲ್ಲ. ಊರಾಚೆ ಇಟ್ಟವರೇ, 'ಊರಾಚೆ ಇರೋರು, ಅದಕ್ಕೇ ಹಂಗೆ' ಅಂತಾರೆ. ಇಂಥ ಸೂಕ್ಷ್ಮ ಅಂಕಿಅಂಶದಲ್ಲಿ ಸಿಕ್ಕುವುದಿಲ್ಲ. ಅವಮಾನ ಉಂಡವರ ಬರಹದಲ್ಲಿ ಮಾತ್ರ ಸಿಕ್ಕುತ್ತದೆ.

1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಕೂಡ ಹೀಗೇ ಜರ್ಮನಿ ಬಿಟ್ಟ ಯಹೂದಿ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ವಿನ್ಯಾಸ. ಆದರೆ ಇವರಿಬ್ಬರ ಕೈಯಲ್ಲಿ ವಿದ್ಯೆ ಇತ್ತು, ಕರೆಯುವವರಿದ್ದರು. ಕರೆಯುವವರಿಲ್ಲದ ಲಕ್ಷಾಂತರ ಜನರಿಗೆ ಸಿಕ್ಕಿದ್ದು ಸಾವಿನ ಶಿಬಿರಗಳ ರೈಲು.

ಅವರ ಕಥೆ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಆನ್ ಫ್ರಾಂಕ್ ಡೈರಿ. ಒಳ್ಳೆಯದೇ. ಆದರೆ ಆ ಡೈರಿ 1944ರ ಆಗಸ್ಟ್ 1ಕ್ಕೆ ನಿಲ್ಲುತ್ತದೆ. ಮೂರು ದಿನದ ಮೇಲೆ ಪೊಲೀಸರು ಬಂದರು. ಮುಂದಿನದ್ದು ಬರೆಯಲು ಆ ಹುಡುಗಿ ಉಳಿಯಲಿಲ್ಲ. 1945ರಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡಳು. ಶಿಬಿರದ ಒಳಗಿನದ್ದು ತಿಳಿಯಲು ಪ್ರಿಮೋ ಲೆವಿಯಂಥವರನ್ನು ಓದಬೇಕು. ಇಟಲಿಯ ಈ ರಸಾಯನಶಾಸ್ತ್ರಜ್ಞನನ್ನು 1944ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಿದರು. ಬದುಕಿ ಬಂದು ಬರೆದ ಪುಸ್ತಕವನ್ನು ದೊಡ್ಡ ಪ್ರಕಾಶನ ಬೇಡವೆಂದಿತು. 1947ರಲ್ಲಿ ಒಂದು ಚಿಕ್ಕ ಪ್ರಕಾಶನ 2,500 ಪ್ರತಿ ಅಚ್ಚು ಹಾಕಿತು. ಬೇಡವೆಂದಿದ್ದ ಪ್ರಕಾಶನವೇ ಮತ್ತೆ ಹೊರತಂದದ್ದು 1958ರಲ್ಲಿ. ಶಿಬಿರದಲ್ಲಿ ತನಗೆ ಬೀಳುತ್ತಿದ್ದ ಕನಸೊಂದನ್ನು ಲೆವಿ ಹೇಳುತ್ತಾನೆ: ಮನೆಗೆ ಮರಳಿದ್ದಾನೆ, ಅನುಭವಿಸಿದ್ದನ್ನು ಹೇಳುತ್ತಿದ್ದಾನೆ, ಯಾರೂ ಕಿವಿಗೊಡುತ್ತಿಲ್ಲ, ಒಡಹುಟ್ಟಿದ ತಂಗಿಯೂ ಎದ್ದು ಹೋಗುತ್ತಾಳೆ.

ಬಿನ್ನಿಪೇಟೆಯಲ್ಲಿ, ಮುಚ್ಚಿಹೋದ ಬಿನ್ನಿ ಮಿಲ್ಲಿನ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳೇ ಹೆಚ್ಚಾಗಿರುವ ಒಂದು ಗುಂಪಿನ ಜತೆ ನಾನು ಇವನ್ನು ಓದುತ್ತ ಬಂದಿದ್ದೇನೆ. ಈ ಕನಸಿನ ಭಾಗ ಬಂದಾಗ ಒಬ್ಬ ಹುಡುಗ ಕೇಳಿದ: "ಸಾರ್, ಅವರಿಗಾದದ್ದು ಪುಸ್ತಕ ಆಯ್ತು. ನಮಗಾದದ್ದನ್ನ ಸ್ಟೇಷನ್ನಲ್ಲಿ ಬರ್ಕೊಳ್ಳೋದೂ ಇಲ್ವಲ್ಲ?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಾಬಾಸಾಹೇಬರು 1940ರ ದಶಕದಲ್ಲೇ ನಾಜಿಗಳ ಯಹೂದಿ ದ್ವೇಷವನ್ನೂ ಸನಾತನಿಗಳ ಅಸ್ಪೃಶ್ಯತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದರು. ಅವರು ತೀರಿಕೊಂಡ ಮೇಲೆ, 1989ರಲ್ಲಿ, ಬೆಳಕಿಗೆ ಬಂದ ಒಂದು ಹಸ್ತಪ್ರತಿಯ ಹೆಸರಲ್ಲೇ ಅಸ್ಪೃಶ್ಯರನ್ನು ಭಾರತದ ಘೆಟ್ಟೋದ ಮಕ್ಕಳು ಎಂದು ಕರೆದಿದ್ದಾರೆ. ಯುರೋಪಿನಲ್ಲಿ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಕೇರಿಗೆ ಘೆಟ್ಟೋ ಎನ್ನುತ್ತಿದ್ದರು. ಹಾಗಂತ ಎರಡೂ ಒಂದೇ ಎಂದು ಸಾರಿಬಿಡುವುದು ಸೋಮಾರಿತನ. ಯಹೂದಿಗಳ ಜತೆ ಮದುವೆಯಾಗಬಾರದು ಎನ್ನಲು ಅಲ್ಲಿ 1935ರಲ್ಲಿ ನ್ಯೂರೆಂಬರ್ಗ್ ಕಾನೂನು ಬರೆಯಬೇಕಾಯಿತು. ಇಲ್ಲಿ ಆ ಕಟ್ಟಳೆ ಮನೆಮನೆಯಲ್ಲಿ ಮೊದಲೇ ಇತ್ತು. ನಾಜಿಗೆ ಯಹೂದಿ ಇಲ್ಲವಾಗಬೇಕಿತ್ತು; ಜಾತಿಗೆ ದಲಿತ ಬೇಕು, ಸತ್ತ ದನ ಎಳೆಯಲು, ಮಲ ಬಾಚಲು. ವ್ಯತ್ಯಾಸವನ್ನು ಇಷ್ಟು ಖಚಿತವಾಗಿ ಹಿಡಿದಾಗಲೇ ಹೋಲಿಕೆಗೆ ಬಲ ಬರುತ್ತದೆ.

ಇನ್ನೊಂದು ವ್ಯತ್ಯಾಸ ಸಾಕ್ಷಿಗೆ ಸಂಬಂಧಿಸಿದ್ದು. 1961ರಲ್ಲಿ ಜೆರುಸಲೇಮಿನಲ್ಲಿ ಐಖ್‌ಮನ್ ವಿಚಾರಣೆ ನಡೆದಾಗ ನೂರಕ್ಕೂ ಹೆಚ್ಚು ಸಾಕ್ಷಿಗಳು ನಿಂತು ಹೇಳಿದರು, ಲೋಕ ಕೇಳಿತು. ಅವರ ಬೆನ್ನಿಗೆ ಒಂದು ಪ್ರಭುತ್ವವಿತ್ತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು; 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕೊಂದವರ ಜಾತಿಯವರ ನಡುವೆಯೇ ನಾಳೆ ಕೂಲಿಗೆ ಹೋಗಬೇಕಾದವರು ಕಟಕಟೆಯಲ್ಲಿ ಎಷ್ಟು ಹೊತ್ತು ನಿಂತಾರು?

ಹೀಗಿರುವಾಗ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ'ಯಂಥ ಕೃತಿಗಳನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು? 'ಅನುಭವ ಹಸಿಯಾಗಿದೆ, ಕಲೆಯಾಗಿ ಮಾಗಿಲ್ಲ' ಎಂಬ ಹಳೇ ಮಾತು ಕೋರ್ಟಿನಲ್ಲಿ ಸಾಕ್ಷಿಯ ಉಚ್ಚಾರಣೆ ತಿದ್ದಿದಂತೆ. ದಲಿತ ಆತ್ಮಕಥನ ಮೊದಲು ಸಾಕ್ಷ್ಯ. ಯಾರು, ಎಲ್ಲಿ, ಯಾವ ಬಾವಿ, ಯಾವ ಲೋಟ ಎಂಬ ವಿವರವೇ ಅದರ ಶಿಲ್ಪ. ಕನಿಕರಪಟ್ಟು ಪುಸ್ತಕ ಮಡಚಿಡುವ ಓದುಗ ಲೆವಿಯ ಕನಸಿನ ತಂಗಿಯ ಹಾಗೆ ಎದ್ದು ಹೋದವನೇ. ದಲಿತ ವಿಮರ್ಶೆಯ ಮೊದಲ ಕೆಲಸ ಎದ್ದು ಹೋಗದೆ ಕೂತು ಕೇಳುವುದು, ಕೇಳಿದ್ದನ್ನು ಹೆಸರು, ಊರು, ಇಸವಿ ಸಮೇತ ಬರೆದಿಡುವುದು.