ಚೀಲ ಹರಿಯುವ ನೊರೆ

ಹರಳು ಬೀಜದ ರೈಸಿನ್, ಗುಲಗಂಜಿಯ ಅಬ್ರಿನ್ ಎರಡೂ ಘೋರ ವಿಷಗಳು, ಎರಡೂ ಪ್ರೋಟೀನುಗಳು. ರೈಬೊಸೋಮ್‌ನ ಆರ್‌ಎನ್‌ಎಯಿಂದ ಒಂದೇ ಒಂದು ಅಡೆನಿನ್ ಕಿತ್ತುಹಾಕುವುದು ಇವುಗಳ ಕಸುಬು. ಅಷ್ಟಾದರೆ ಸಾಕು, ಆ ರೈಬೊಸೋಮ್ ಇನ್ನು ಪ್ರೋಟೀನ್ ತಯಾರಿಸದು. ಕಿಣ್ವಗಳಾದ್ದರಿಂದ ಇವು ಒಂದನ್ನು ಕೆಡಿಸಿ ಇನ್ನೊಂದಕ್ಕೆ ಕೈಹಾಕುತ್ತವೆ. ಕೊನೆಗೆ ಜೀವಕೋಶವೇ ಸಾಯುತ್ತದೆ.

ಯೂರೋಪಿನ ಸಪೊನೇರಿಯಾ ಎಂಬ ಸೋಪುಗಿಡದಲ್ಲಿ ಇದೇ ಕಸುಬಿನ ಸಪೊರಿನ್ ಇದೆ. ರೈಸಿನ್‌ಗೆ ಕೋಶದ ಮೈಗೆ ಅಂಟಿಕೊಳ್ಳಲು ಬೇರೊಂದು ಭಾಗವುಂಟು, ಸಪೊರಿನ್‌ಗೆ ಅದಿಲ್ಲ. ತಾನಾಗಿ ಒಳಹೋಗಲು ಅದಕ್ಕೆ ಬಲು ಕಷ್ಟ. ಸಂಶೋಧಕರಿಗೆ ಹಿಡಿಸಿದ್ದು ಈ ಅಸಹಾಯಕತೆಯೇ. ಎಲ್ಲಿಗೆ ಹೋಗಬೇಕೆಂದು ನಾವೇ ಹೇಳಬಹುದಲ್ಲ! ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಬೆಳವಣಿಗೆಯ ಸಂಕೇತ ಹಿಡಿಯುವ ಇಜಿಎಫ್ ಗ್ರಾಹಕಗಳು ವಿಪರೀತವಾಗಿರುತ್ತವೆ. ಅವನ್ನು ಹಿಡಿಯುವ ಆಂಟಿಬಾಡಿಗೆ ಸಪೊರಿನ್ ಜೋಡಿಸಿದರಾಯಿತು.

ಅಷ್ಟಕ್ಕೇ ಆಗಲಿಲ್ಲ. ಕೋಶ ಅದನ್ನು ನುಂಗುವುದೇನೋ ನಿಜ. ಆದರೆ ಎಂಡೋಸೋಮ್ ಎಂಬ ಪುಟ್ಟ ಚೀಲದಲ್ಲಿ ಕಟ್ಟಿಟ್ಟು, ಮುಂದೆ ಲೈಸೋಸೋಮ್‌ನಲ್ಲಿ ಅರಗಿಸಿಬಿಡುತ್ತದೆ. ರೈಬೊಸೋಮ್‌ಗಳಿರುವುದು ಚೀಲದ ಹೊರಗೆ. ಡೋಸ್ ಏರಿಸಿದರೆ ಆರೋಗ್ಯವಂತ ಅಂಗಾಂಶಕ್ಕೇ ಪೆಟ್ಟು.

ಬಿಡುಗಡೆಯ ಉಪಾಯ ಸಿಕ್ಕಿದ್ದು ಅದೇ ಗಿಡದ ನೊರೆಯಲ್ಲಿ. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವ ಸಪೊನಿನ್‌ಗಳ ದೊಡ್ಡ ಬಳಗಕ್ಕೆ ಸೇರಿದ ವಸ್ತುಗಳೇ ಈ ನೊರೆಯನ್ನೂ ಎಬ್ಬಿಸುವುದು. ಬರ್ಲಿನ್‌ನ ಶಾರಿಟೆ ಆಸ್ಪತ್ರೆ ಮತ್ತು ಫ್ರೀ ವಿಶ್ವವಿದ್ಯಾಲಯದ ಸಂಶೋಧಕರು ಸಪೊನೇರಿಯಾ, ಜಿಪ್ಸೊಫಿಲಾ ಗಿಡಗಳ ಕೆಲವು ಸಪೊನಿನ್‌ಗಳನ್ನು ಇಂಥ ವಿಷದೊಂದಿಗೆ ಸೇರಿಸಿ ನೋಡಿದರು. ಪ್ರಯೋಗಾಲಯದ ಕೋಶಗಳಲ್ಲಿ ವಿಷದ ತೀಕ್ಷ್ಣತೆ ಸಾವಿರ ಪಟ್ಟಿಗೂ ಮೀರಿ ಏರಿತು. ಸಪೊನಿನ್ ವಿಷದ ಕಿಣ್ವಶಕ್ತಿಯನ್ನು ಹೆಚ್ಚಿಸುವುದಿಲ್ಲ; ಎಂಡೋಸೋಮ್‌ನಿಂದ ಹೊರಬರಲು ದಾರಿ ಮಾಡಿಕೊಡುತ್ತದೆ, ಅಷ್ಟೆ. ಹೆಚ್ಚು ಅಧ್ಯಯನಕ್ಕೊಳಗಾದದ್ದು ಎಸ್‌ಒ1861. ಸಂಖ್ಯೆ ಅದರ ಅಣುರಾಶಿಯನ್ನು ಸೂಚಿಸುತ್ತದೆ.

ಎಲ್ಲ ಸಪೊನಿನ್‌ಗಳಿಗೂ ಈ ಗುಣವಿಲ್ಲ. ಅಣುವಿನ ಬೆನ್ನೆಲುಬು ಹೇಗಿದೆ, ಅದಕ್ಕೆ ಎಂಥ ಸಕ್ಕರೆ ಸರಪಳಿಗಳು ಅಂಟಿವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಅಂಟುವಾಳದ ಕಷಾಯ ಕುಡಿಯಲು ಯಾರೂ ಹೊರಡಬಾರದು. ಸಪೊನಿನ್‌ಗಳು ಪ್ರಮಾಣ ಮೀರಿ ರಕ್ತಕ್ಕೆ ಸೇರಿದರೆ ಕೆಂಪು ಕಣಗಳು ಒಡೆಯುತ್ತವೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ತೊಡಕು. ವಿಷ ಮತ್ತು ಸಪೊನಿನ್ ಬೇರೆಬೇರೆಯಾಗಿ ರಕ್ತಕ್ಕಿಳಿದರೂ, ಒಂದೇ ಕೋಶದ ಒಂದೇ ಚೀಲದಲ್ಲಿ ಅವು ಭೇಟಿಯಾಗಬೇಕು. ಅದಕ್ಕೇ ಈಗ ಸಪೊನಿನ್ನನ್ನೂ ಆಂಟಿಬಾಡಿಗೆ ಕಟ್ಟಿ ಕಳಿಸುವ ಪ್ರಯತ್ನ ನಡೆದಿದೆ. ಎಂಡೋಸೋಮ್‌ನ ಆಮ್ಲೀಯತೆಗೆ ಸಿಕ್ಕರೆ ಬಿಚ್ಚಿಕೊಳ್ಳುವಂತೆ ಆ ಬೆಸುಗೆಯನ್ನು ರೂಪಿಸುತ್ತಾರೆ. ಇಷ್ಟಾದರೂ ದೇಹದ ಪ್ರತಿರಕ್ಷಣಾ ವ್ಯವಸ್ಥೆಗೆ ಸಪೊರಿನ್ ಪರಕೀಯವೇ. ಪದೇ ಪದೇ ಕೊಟ್ಟರೆ ಆ ವ್ಯವಸ್ಥೆ ಅದರ ಗುರುತು ಹಿಡಿದು, ಗೆಡ್ಡೆ ತಲುಪುವ ಮೊದಲೇ ತಡೆದುಬಿಡಬಹುದು.